ದ್ವೀಪ ನೋಡಲು ಹೋಗಿ ನಮ್ಮೂರಿನ ಕಲ್ಲು ನೆನಪಾಯಿತು

"ಮಾಮ, ದ್ವೀಪ ಅಂದ್ರೆ ಸಮುದ್ರದಲ್ಲೇ ಇರ್ಬೇಕಾ?"

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಪುಟ್ಟಿ ಕೇಳಿದ ಪ್ರಶ್ನೆ ಇದು. ಏಳನೇ ಕ್ಲಾಸು ಮುಗಿಸಿ ಗುಬ್ಬಿ ತಾಲೂಕಿನ ನಮ್ಮೂರಿಗೆ, ಅಜ್ಜಿ ಮನೆಗೆ ಬಂದಿದ್ದಳು. ಒಂದು ಐತಿಹಾಸಿಕ ಸ್ಥಳ ನೋಡಿ ಎರಡು ಪುಟ ಬರೆದುಕೊಂಡು ಬರಬೇಕು ಅಂತ ಶಾಲೆಯಲ್ಲಿ ಹೇಳಿದ್ದರಂತೆ. ಅವಳ ಕ್ಲಾಸಿನ ಹುಡುಗಿಯೊಬ್ಬಳು ಅಂಡಮಾನಿಗೆ ವಿಮಾನದಲ್ಲಿ ಹೋಗುತ್ತಿದ್ದಳು. ಇವಳಿಗೂ ದ್ವೀಪವೇ ಬೇಕು.

ನಾನು ಜಿಲ್ಲೆಯ ಸುದ್ದಿ ಕಳಿಸುವ ಸ್ಟ್ರಿಂಗರ್. ಅಚ್ಚಾದ ಸುದ್ದಿಗೆ ಮಾತ್ರ ದುಡ್ಡು, ಅದೂ ಬಂದಾಗ ಬಂತು. ಅಂಡಮಾನ್ ನಮ್ಮ ಲೆಕ್ಕಕ್ಕೆ ಸಿಗುವ ಊರಲ್ಲ. "ಹೊಳೆಯಲ್ಲೂ ದ್ವೀಪ ಇರುತ್ತೆ ಕಣೆ. ಕಾವೇರಿ ಎರಡಾಗಿ ಸೀಳಿ ಮತ್ತೆ ಒಂದಾಗ್ತಾಳೆ, ಮಧ್ಯೆ ಉಳಿದ ನೆಲ ಶ್ರೀರಂಗಪಟ್ಟಣ. ಅಲ್ಲಿ ಅರಮನೆ, ಮ್ಯೂಸಿಯಂ ಎಲ್ಲ ಇದೆ. ನಾಳೆ ಬೆಳಿಗ್ಗೆ ಐದಕ್ಕೆ ಎದ್ದರೆ ಕರ್ಕೊಂಡ್ ಹೋಗ್ತೀನಿ" ಅಂದೆ. ನಾಲ್ಕೂವರೆಗೇ ಎದ್ದು ನನ್ನನ್ನು ಎಬ್ಬಿಸಿದಳು.

ಅಕ್ಕನೂ ಬಂದಳು. ಅವರಿಬ್ಬರಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್, ನನಗೊಬ್ಬನಿಗೆ ದುಡ್ಡು. ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್ ಮೇಲೆ ಮದ್ದೂರು, ಆಮೇಲೆ ಮಂಡ್ಯ ದಾಟಿ ಶ್ರೀರಂಗಪಟ್ಟಣ. ಬೆಂಗಳೂರು ಸುತ್ತಿಕೊಂಡು ಹೋಗುವ ದಾರಿಯೂ ಇದೆ. ನಾನು ಬೇಕಂತಲೇ ಕುಣಿಗಲ್ ದಾರಿ ಹಿಡಿದೆ.

ಕುಣಿಗಲ್ ಬಂದಾಗ ಸ್ಟಡ್ ಫಾರಂ ತೋರಿಸಿದೆ. ನಮ್ಮ ಕಡೆಯವರಿಗೆ ಅದು ಕುದುರೆ ಫಾರಂ. ಹೈದರಾಲಿ, ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಇಲ್ಲಿ ಕುದುರೆ ಸಾಕುತ್ತಿದ್ದರು ಅಂತ ಊರವರೆಲ್ಲ ಹೇಳುತ್ತಾರೆ. ಆಮೇಲೆ ಬ್ರಿಟಿಷರ ಸೈನ್ಯಕ್ಕೂ ಇಲ್ಲಿಂದ ಕುದುರೆ ಹೋಯಿತು, ಈಗಿನವರಿಗೆ ಗೊತ್ತಿರುವುದು ರೇಸ್ ಕುದುರೆ. ಆ ನೂರಾರು ಎಕರೆ ಜಾಗದಲ್ಲಿ ಟೌನ್‌ಶಿಪ್ ಮಾಡಬೇಕೋ ಬೇಡವೋ ಅಂತ 2024ರಲ್ಲಿ ಎದ್ದ ಗಲಾಟೆ ನಿಮಗೂ ನೆನಪಿರಬಹುದು. ಪುಟ್ಟಿ ಕಿಟಕಿಗೆ ಮುಖ ಒತ್ತಿ ನೋಡಿದಳು. ಮರಗಳು ಕಂಡವು, ಕುದುರೆ ಕಾಣಲಿಲ್ಲ.

ಮುಂದೆ ಹುಲಿಯೂರುದುರ್ಗದ ಗುಡ್ಡ ಕಂಡಿತು. ಗಂಟೆ ಮಗುಚಿ ಇಟ್ಟಂಥ ಬಂಡೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಈ ದುರ್ಗವನ್ನೂ ಇದೇ ತಾಲೂಕಿನ ಹುತ್ರಿದುರ್ಗವನ್ನೂ ಹಿಡಿಯಿತು. ಶ್ರೀರಂಗಪಟ್ಟಣದ ಕಡೆ ಹೋಗುವ ಸೈನ್ಯಕ್ಕೆ ಹಿಂದಿನಿಂದ ಅಕ್ಕಿ, ಹುಲ್ಲು, ಮದ್ದುಗುಂಡು ಬರುತ್ತಿರಬೇಕು. ದಾರಿಯ ದುರ್ಗಗಳು ಶತ್ರುವಿನ ಕೈಯಲ್ಲಿದ್ದರೆ ಆ ಗಾಡಿಗಳು ಬರುವುದಿಲ್ಲ. ಅದಕ್ಕೇ ಮೊದಲು ದುರ್ಗ, ಆಮೇಲೆ ರಾಜಧಾನಿ. ಮುಂದಿನ ವರ್ಷದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟ. ಆ ಯುದ್ಧ ನಾವು ಬಸ್ಸಿನಲ್ಲಿ ಕೂತು ಹೋಗುತ್ತಿದ್ದ ಈ ಸೀಮೆಯಲ್ಲೇ ನಡೆದು ಹೋಗಿತ್ತು.

ಮದ್ದೂರಿನಲ್ಲಿ ವಡೆ ತಿಂದು ಶಿಂಷಾ ಹೊಳೆ ದಾಟಿದೆವು. "ಇದು ನಮ್ಮ ನೀರೇ ಕಣೆ" ಅಂದೆ. ದೇವರಾಯನದುರ್ಗದಲ್ಲಿ ಹುಟ್ಟಿ, ನಮ್ಮ ತಾಲೂಕಿನ ಕಡಬ ಕೆರೆಗೆ ಬಂದು, ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟು ದಾಟಿ ಬರುವ ಹೊಳೆ ಇದು. ಶ್ರೀರಂಗಪಟ್ಟಣಕ್ಕಿಂತ ಕೆಳಗೆ, ಶಿವನಸಮುದ್ರದ ಕಡೆ ಹೋಗಿ ಕಾವೇರಿಗೆ ಸೇರುತ್ತದೆ. ಮೇ ತಿಂಗಳು, ಹೊಳೆಯಲ್ಲಿ ಮರಳು, ಜೊಂಡು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಪುಟ್ಟಿ "ನಮ್ ನೀರು ಎಲ್ಲಿ?" ಅಂದಳು. ಅಕ್ಕ ನಕ್ಕಳು.

ಶ್ರೀರಂಗಪಟ್ಟಣಕ್ಕೆ ಬಂದಾಗ ಹನ್ನೊಂದು ದಾಟಿತ್ತು. ಬಿಸಿಲು ತಲೆ ಸುಡುತ್ತಿತ್ತು. ಮೊದಲು ರಂಗನಾಥನ ಗುಡಿ. ಸಾವಿರ ವರ್ಷಕ್ಕೂ ಹಳೆಯದು, ಊರಿಗೆ ಹೆಸರು ಬಂದದ್ದೇ ಈ ದೇವರಿಂದ. 1610ರಲ್ಲಿ ರಾಜ ಒಡೆಯರು ಈ ಕೋಟೆ ಹಿಡಿದ ಮೇಲೆ ಇದು ಮೈಸೂರು ಸೀಮೆಯ ರಾಜಧಾನಿ ಆಯಿತು.

ಗುಡಿಯಿಂದ ಹೊಳೆ ದಂಡೆಗೆ ಹೋದೆವು. ನೀರು ಕಡಿಮೆ, ಬಂಡೆಗಳು ಎದ್ದು ಕಾಣುತ್ತಿದ್ದವು. ನೀರು ಸುತ್ತ ಇದ್ದರೆ ಶತ್ರು ಹೇಗೆ ಬಂದ ಅಂತ ಪುಟ್ಟಿ ಕೇಳಿದಳು. ಅವಳ ಕಣ್ಣ ಮುಂದೆಯೇ ಉತ್ತರ ಇತ್ತು. 1799ರ ಮೇ 4, ಇದೇ ಬೇಸಿಗೆ. ಮಳೆ ಹಿಡಿದು ಕಾವೇರಿ ತುಂಬಿದರೆ ಬ್ರಿಟಿಷರ ಸೈನ್ಯ ಹೊಳೆ ದಾಟುವಂತಿರಲಿಲ್ಲ. ಅದಕ್ಕೆ ಮುಂಚೆಯೇ ಮುಗಿಸಬೇಕಿತ್ತು. ಫಿರಂಗಿಯಿಂದ ಕೋಟೆ ಗೋಡೆ ಒಡೆದು, ಮಧ್ಯಾಹ್ನ ಒಂದರ ಸುಮಾರಿಗೆ, ಕಾವಲಿನವರು ಊಟ, ವಿಶ್ರಾಂತಿ ಅಂತ ಇರುವ ಹೊತ್ತು ನೋಡಿ ಬಂಡೆಗಳ ಮೇಲೆ ಹೊಳೆ ದಾಟಿ ಬಂದರು. ಆ ದಿನವೇ ಟಿಪ್ಪು ಸತ್ತ. ಪುಸ್ತಕದಲ್ಲಿ ಓದಿದಾಗ ನನಗೆ ಇದು ಬರೀ ಇಸವಿ ಆಗಿತ್ತು. ಬಿಸಿಲಲ್ಲಿ ನಿಂತು ಆ ಬಂಡೆಗಳನ್ನು ನೋಡಿದಾಗ ಕೆರೆ ಒಣಗಿದರೆ ನಮ್ಮೂರಲ್ಲಿ ಅಡ್ಡದಾರಿ ಬೀಳುವುದು ನೆನಪಾಯಿತು. ಇಷ್ಟೇ ಸರಳ ಲೆಕ್ಕ.

ಅಲ್ಲಿಂದ ಆಟೋದಲ್ಲಿ ದರಿಯಾ ದೌಲತ್‌ಗೆ ಹೋದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ತೇಗದ ಮರದ್ದು. ಬಿಸಿಲು ಬೀಳದ ಹಾಗೆ ಸುತ್ತ ಪರದೆ ಇಳಿಬಿಟ್ಟಿರುತ್ತಾರೆ, ಒಳಗೆ ಹೋದ ಕೂಡಲೇ ತಂಪು. ಕೇಂದ್ರ ಪುರಾತತ್ವ ಇಲಾಖೆಯವರ ಮ್ಯೂಸಿಯಂ ಈಗ ಅದರೊಳಗೇ ಇದೆ. ಹಳೆಯ ಚಿತ್ರಗಳು, ನಾಣ್ಯ, ಆಯುಧ, ಟಿಪ್ಪುವಿನ ಮಕ್ಕಳ ಮುಖಗಳ ಚಿತ್ರಗಳು ಇವೆ.

ಪುಟ್ಟಿ ನಿಂತುಬಿಟ್ಟದ್ದು ಹೊರಗೋಡೆಯ ದೊಡ್ಡ ಚಿತ್ರದ ಮುಂದೆ. 1780ರಲ್ಲಿ ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷ್ ಸೈನ್ಯವನ್ನು ಸೋಲಿಸಿದ ಯುದ್ಧ. ಚೌಕಟ್ಟಾಗಿ ನಿಂತ ಇಂಗ್ಲಿಷ್ ಸಿಪಾಯಿಗಳು, ಅವರ ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ. ಸುತ್ತ ಸಾಲು ಸಾಲು ಕುದುರೆ.

"ಮಾಮ, ಇದ್ರಲ್ಲಿ ನಮ್ ಕುಣಿಗಲ್ ಕುದುರೆ ಯಾವ್ದು?"

ಏನು ಹೇಳಲಿ? ಬಿಳಿ, ಕಂದು, ಕಪ್ಪು, ಎಲ್ಲ ಬಣ್ಣದವೂ ಇದ್ದವು. ಅವಳೇ ಒಂದು ಕಂದು ಕುದುರೆ ಆರಿಸಿಕೊಂಡಳು. ಅದರ ಮೇಲೆ ಕೂತವನ ಹೆಸರು ಕೇಳಿದಳು. ಅದೂ ಗೊತ್ತಿಲ್ಲ ಅಂದೆ. "ಅವನ್ದು ಗೊತ್ತಿಲ್ಲ, ಇವನ್ದು ಗೊತ್ತಿಲ್ಲ, ಪಲ್ಲಕ್ಕೀಲಿ ಕೂತಿರೋನ್ದು ಮಾತ್ರ ಗೊತ್ತು" ಅಂತ ಮುಂದೆ ಹೋದಳು. ಬೈದದ್ದೋ ಸುಮ್ಮನೆ ಹೇಳಿದ್ದೋ ತಿಳಿಯಲಿಲ್ಲ.

ಅಲ್ಲಿಂದ ಗುಂಬಜ್ ಇರುವ ಗಂಜಾಂ ಕಡೆ ಹೊರಟೆವು. ಹೈದರ್, ಅವನ ಹೆಂಡತಿ, ಮಗ ಟಿಪ್ಪು ಮೂವರ ಸಮಾಧಿ ಅಲ್ಲಿದೆ. ಗಂಜಾಂ ಅಂದರೆ ಅಂಜೂರದ ಹಣ್ಣು ಅಂತ ಮಾತ್ರ ನಮ್ಮ ಕಡೆ ಗೊತ್ತು. ಆದರೆ ನಾನು ಪುಟ್ಟಿಗೆ ಹೇಳಲೇಬೇಕು ಅಂದುಕೊಂಡಿದ್ದ ಕತೆ ಅಲ್ಲಿಯದೇ.

ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿ ಒಂದು ಸಾಲು ಇದೆ. ಈ ಗಂಜಾಂ ಪೇಟೆಗೆ ಜನ ತುಂಬಿಸಲು ಟಿಪ್ಪು ಸಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದ ಅಂತ. ಸಿರಾ ನಮ್ಮ ಜಿಲ್ಲೆ. ಮೊಗಲರ ಕಾಲದಲ್ಲಿ ದೊಡ್ಡ ಪಟ್ಟಣ, ಸುಬೇದಾರರ ಊರು. 1761ರಲ್ಲಿ ಹೈದರ್ ವಶಕ್ಕೆ ಬಂತು. ಅಲ್ಲಿನ ದಿಲಾವರ್ ಖಾನನ ಅರಮನೆ ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆ ಕಟ್ಟಿದರು ಅಂತಲೂ ಅದೇ ಗೆಜೆಟಿಯರ್ ಹೇಳುತ್ತದೆ. ಅಂದರೆ ಅರಮನೆಯ ಮಾದರಿ ನಮ್ಮಲ್ಲಿಂದ ಬಂತು, ಪೇಟೆಯ ಜನ ನಮ್ಮಲ್ಲಿಂದ ಬಂದರು.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅಂತ ಟಿವಿಯಲ್ಲಿ ವರ್ಷಕ್ಕೊಮ್ಮೆ ಜಗಳ ಆಗುತ್ತದೆ. ಪುಟ್ಟಿಗೆ ಆ ಪ್ರಶ್ನೆ ಬರಲಿಲ್ಲ. ಅವಳು ಕೇಳಿದ್ದು ಬೇರೆ. "ಅಷ್ಟು ಜನ ನಡ್ಕೊಂಡೇ ಬಂದ್ರಾ? ಹಸು, ಎಮ್ಮೆ ಏನ್ ಮಾಡಿದ್ರು?"

1800ರಲ್ಲಿ ಬುಕಾನನ್ ಅನ್ನುವ ಇಂಗ್ಲಿಷ್ ಕಂಪನಿಯ ವೈದ್ಯ ಇಲ್ಲಿಗೆ ಬಂದಿದ್ದ. ಟಿಪ್ಪುವಿನ ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು, ಈಗ ಸುಮಾರು 32 ಸಾವಿರ ಉಳಿದಿದ್ದಾರೆ ಅಂತ ಬರೆದ. ರಾಜಧಾನಿ ಮೈಸೂರಿಗೆ ಹೋಗಿತ್ತು. ಸಿರಾದವರು ಅಲ್ಲೇ ಉಳಿದರೋ, ಹಿಂದಕ್ಕೆ ನಡೆದರೋ, ಎಷ್ಟು ಜನ ಜ್ವರಕ್ಕೆ ಹೋದರೋ. ಮ್ಯೂಸಿಯಂನಲ್ಲಿ ನಾನು ಓದಿದ ಫಲಕಗಳಲ್ಲಿ ಅವರ ಸುದ್ದಿ ಕಣ್ಣಿಗೆ ಬೀಳಲಿಲ್ಲ. ಮ್ಯೂಸಿಯಂನದು ತಪ್ಪು ಅನ್ನುತ್ತಿಲ್ಲ. ಅಲ್ಲಿ ಇಡಲು ವಸ್ತು ಬೇಕು. ಎಬ್ಬಿಸಿಕೊಂಡು ಬಂದ ಬಡವನ ವಸ್ತು ಏನು ಉಳಿದೀತು? ಹರಿದ ಕಂಬಳಿ, ಮಡಕೆ.

ವಾಪಸು ಬರುವಾಗ ರೈಲು ನಿಲ್ದಾಣದ ಹತ್ತಿರ ಟಿಪ್ಪುವಿನ ಕಾಲದ ಮದ್ದಿನ ಮನೆ ತೋರಿಸಿದೆ. ಇದು ಮೊದಲು ಬೇರೆ ಜಾಗದಲ್ಲಿತ್ತು. ಬೆಂಗಳೂರು–ಮೈಸೂರು ರೈಲು ಹಳಿ ಜೋಡಿ ಮಾಡುವಾಗ ಅಡ್ಡ ಬಂತು. ಕೆಡವಲಿಲ್ಲ. ಬುಡ ಬಿಡಿಸಿ, ಜಾಕ್ ಕೊಟ್ಟು, ಕಂಬಿಗಳ ಮೇಲೆ ನಿಧಾನಕ್ಕೆ ಜಾರಿಸಿ, ನೂರು ಮೀಟರಿಗೂ ಹೆಚ್ಚು ದೂರ ಇಡೀ ಕಟ್ಟಡವನ್ನೇ ಸರಿಸಿದರು. 2017ರಲ್ಲಿ. ನೂರಾರು ಟನ್ ತೂಕದ ಇಟ್ಟಿಗೆ, ಗಾರೆ ಕಟ್ಟಡ ಒಂದು ಬಿರುಕಿಗೂ ಹೆದರಿಕೊಂಡು ಹೊಸ ಜಾಗಕ್ಕೆ ಬಂದು ಕೂತಿತು.

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು.

"ಇಷ್ಟ್ ದೊಡ್ಡದನ್ನೇ ಎತ್ತಿಟ್ರಲ್ಲ. ನಮ್ ಹುಣಿಸೆ ಮರದ ಕೆಳಗಿನ ಕಲ್ಲನ್ನ ಯಾಕೆ ಎತ್ತಿಡ್ಲಿಲ್ಲ?"

ನನ್ನ ಕೈಯಲ್ಲಿ ಕಬ್ಬಿನ ಹಾಲಿನ ಲೋಟ ಇತ್ತು. ಅದನ್ನು ಕುಡಿದು ಮುಗಿಸುವವರೆಗೆ ನಾನು ಉತ್ತರ ಹೇಳಲಿಲ್ಲ.

ನಮ್ಮೂರ ಹುಣಿಸೆ ಮರದ ಕೆಳಗೆ ಎದೆ ಮಟ್ಟದ ಒಂದು ವೀರಗಲ್ಲು ಇತ್ತು. ಪುಟ್ಟಿ ಚಿಕ್ಕವಳಿದ್ದಾಗ ಅದರ ಪಕ್ಕದಲ್ಲೇ ಅಡುಗೆ ಆಟ ಆಡುತ್ತಿದ್ದಳು. ನಾಲ್ಕು ವರ್ಷದ ಹಿಂದೆ ರಸ್ತೆ, ಚರಂಡಿ ಕಾಮಗಾರಿ ಬಂತು. ಮರ ಹೋಯಿತು, ಕಲ್ಲೂ ಹೋಯಿತು.

ಗುತ್ತಿಗೆದಾರನನ್ನು ಬೈಯಬಹುದು. ಆದರೆ ಆ ಕಾಮಗಾರಿಯ ಗುದ್ದಲಿ ಪೂಜೆಯ ಸುದ್ದಿ ಬರೆದವನು ನಾನು. ಅವತ್ತು ರಾತ್ರಿ ಮನೆಗೆ ಬಂದು ಹಳೆಯ ಪೆನ್‌ಡ್ರೈವ್ ಹುಡುಕಿದೆ. ಸುದ್ದಿ ಸಿಕ್ಕಿತು. ಹದಿಮೂರು ಸಾಲು. ಅದರಲ್ಲಿ ಏಳು ಸಾಲು ಹಾಜರಿದ್ದವರ ಹೆಸರು. ಜೊತೆಗೆ ನಾನೇ ತೆಗೆದ ಫೋಟೋ. ಹಾರ ಹಾಕಿಕೊಂಡ ಗಣ್ಯರು ಗುದ್ದಲಿ ಹಿಡಿದು ನಗುತ್ತಿದ್ದಾರೆ. ಅವರ ಹಿಂದೆ, ಬಲಗಡೆ, ಒಬ್ಬರ ಭುಜದ ಮರೆಯಲ್ಲಿ ಆ ಕಲ್ಲು. ಅರ್ಧ ಕಾಣುತ್ತದೆ. ನಾನು ಅದನ್ನು ದಾಟಿಯೇ ನಿಂತು ಕ್ಲಿಕ್ ಮಾಡಿದ್ದೆ.

ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ನಮಗೆ ಮೊದಲು ಕಲಿಸಿದ್ದು ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ನಾನು 'ಯಾರು' ಅನ್ನುವುದನ್ನು ವೇದಿಕೆಯ ಮೇಲಿದ್ದವರು ಅಂತ ಅರ್ಥ ಮಾಡಿಕೊಂಡು ಹತ್ತು ವರ್ಷ ಕಳೆದಿದ್ದೆ.

ಮಾರನೇ ದಿನ ಬೆಳಿಗ್ಗೆ ಅಂದಿನ ಕೆಲಸಕ್ಕೆ ಬಂದಿದ್ದ ಗಾರೆಯವರೊಬ್ಬರನ್ನು ಹುಡುಕಿಕೊಂಡು ಹೋದೆ. ಕೇಳುವಾಗ ಎದೆ ಹೊಡೆದುಕೊಳ್ಳುತ್ತಿತ್ತು, ಒಡೆದು ಜಲ್ಲಿ ಮಾಡಿದ್ದರೆ? ಅವರು ಬೀಡಿ ಹಚ್ಚಿಕೊಂಡು ಆರಾಮಾಗಿ ಹೇಳಿದರು. "ಅದಾ? ಒಳ್ಳೆ ಚಪ್ಪಡಿ ಅದು. ಮೂರನೇ ಮನೆ ಮುಂದೆ ಮೋರಿ ಮೇಲೆ ಹಾಕಿದೀವಲ್ಲ."

ನಾಲ್ಕು ವರ್ಷದಿಂದ ದಿನಾ ಬೈಕ್ ಹತ್ತಿಸುತ್ತಿದ್ದ ಚಪ್ಪಡಿ ಅದು.

ಎಂಟು ಜನ, ಮೂರು ಹಾರೆ, ಒಂದು ಟ್ರ್ಯಾಕ್ಟರ್ ಹಗ್ಗ. ಆ ಮನೆಯವರು ಮೋರಿಗೆ ಬೇರೆ ಚಪ್ಪಡಿ ತಂದರೆ ಮಾತ್ರ ಅಂದರು. ಎರಡು ಸಿಮೆಂಟ್ ಚಪ್ಪಡಿ ತಂದುಕೊಟ್ಟೆ. ತಿರುಗಿಸಿದಾಗ ಕೆಸರು, ಪ್ಲಾಸ್ಟಿಕ್ ಅಂಟಿಕೊಂಡಿತ್ತು. ಪುಟ್ಟಿ ಮತ್ತು ಊರ ಮಕ್ಕಳು ನೀರು ಹಾಕಿ ತೆಂಗಿನ ನಾರಲ್ಲಿ ಮೆಲ್ಲಗೆ ಉಜ್ಜಿದರು.

ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ. ಕೆಳಗೆ ಹೋರಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುವುದು. ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು. ನಮ್ಮ ಕಲ್ಲಿನ ಮೇಲಿನ ಅಂತಸ್ತು ಮೂಲೆ ಒಡೆದು ಹೋಗಿತ್ತು. ನಡುವಿನದು ಸವೆದಿತ್ತು. ಕೆಳಗಿನದು ಚೆನ್ನಾಗಿ ಉಳಿದಿತ್ತು. ಬಿಲ್ಲು ಹಿಡಿದ ಒಬ್ಬ ಗಂಡಸು. ಅವನ ಹಿಂದೆ ನಾಲ್ಕು ಹಸು. ಪಟ್ಟಿಯ ಮೇಲೆ ಎರಡು ಸಾಲು ಅಕ್ಷರ, ಓದಲು ಆಗದಷ್ಟು ಸವೆದಿದೆ.

ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನಿಗೆ ನೆಟ್ಟ ಕಲ್ಲು. ತುರುಗೋಳು ಅನ್ನುತ್ತಾರೆ. ಕರ್ನಾಟಕದಲ್ಲಿ ಇಂಥ ಕಲ್ಲುಗಳು ಲೆಕ್ಕವಿಲ್ಲದಷ್ಟು ಇವೆ. ಅರಮನೆ ಇಲ್ಲದ, ಚಿತ್ರ ಬರೆಸಿಕೊಳ್ಳಲಾಗದ ಊರುಗಳು ತಮ್ಮವನೊಬ್ಬನನ್ನು ನೆನಪಿಟ್ಟುಕೊಂಡ ರೀತಿ ಇದು.

ಸುದ್ದಿ ತಿಳಿದು ಕೇರಿಯ ಹಿರಿಯಜ್ಜಿಯೊಬ್ಬರು ಕೋಲೂರಿಕೊಂಡು ಬಂದರು. ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ಇದು ದನ ಕಾಯೋನ ಕಲ್ಲು ಕಣಪ್ಪ. ಹಸ ಕರ ಹಾಕಿದ್ರೆ ನಮ್ಮತ್ತೆ ಮೊದ್ಲ ಹಾಲು ಇದಕ್ಕೆ ಎರೀತಿದ್ರು. ಆಮೇಲೇ ನಮ್ಗೆ ಗಿಣ್ಣು."

ಯಾವಾಗ ನಿಲ್ಲಿಸಿದಿರಿ ಅಂತ ಕೇಳಿದೆ.

"ಡೈರಿ ಬಂದ್ಮೇಲೆ" ಅಂದರು.

ಅವರ ಅತ್ತೆಗೆ ಅವನ ಹೆಸರು ಗೊತ್ತಿತ್ತೋ ಏನೋ. ಇವರಿಗೆ ಗೊತ್ತಿಲ್ಲ. ಕಾಲ ಮೀರಿತ್ತು. ನಾನು ಇಪ್ಪತ್ತು ವರ್ಷದ ಹುಡುಗನಾಗಿದ್ದಾಗ ಕೇಳಿದ್ದರೆ ಹೇಳುವವರು ಇನ್ನೂ ಇಬ್ಬರು ಮೂವರು ಇದ್ದರು.

ಕಲ್ಲನ್ನು ಈಗ ಆಂಜನೇಯನ ಗುಡಿ ಪಕ್ಕ ನಿಲ್ಲಿಸಿದ್ದೇವೆ. ಪತ್ರಿಕೆಗೆ ಸುದ್ದಿ ಕಳಿಸಿದೆ, ಅಚ್ಚಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮೂರಲ್ಲೂ ಇಂಥದ್ದು ಇರಬಹುದು. ಕಡಬ ನಮ್ಮ ತಾಲೂಕಿನ ಸಾಧಾರಣ ಹಳ್ಳಿ ಅಂದುಕೊಂಡಿದ್ದೇವೆ. ಅಲ್ಲಿ ಸಿಕ್ಕಿದ ರಾಷ್ಟ್ರಕೂಟರ ಕಾಲದ ತಾಮ್ರಪಟ ಸಾವಿರದ ಇನ್ನೂರು ವರ್ಷ ಹಿಂದಿನ ಇಸವಿ ಹೇಳುತ್ತದೆ. ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಲ್ಲಿ 2018ರಲ್ಲಿ ಒಂದು ಪಾಳು ಬಾವಿಯ ಮಣ್ಣು ತೆಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದವು. ಬಾವಿ ತೋಡುವವನು, ರಸ್ತೆ ಅಗೆಯುವವನು ನೋಡಿ ಹೇಳಿದರೆ ಮಾತ್ರ ಅದು ಉಳಿಯುತ್ತದೆ.

ಕಲ್ಲು ಕಂಡರೆ ಏನು ಮಾಡಬೇಕು ಅಂತ ನಾನು ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಸುಣ್ಣ, ಬಣ್ಣ, ಎಣ್ಣೆ ಹಚ್ಚಬೇಡಿ. ಅಕ್ಷರ ಮುಚ್ಚಿಹೋಗುತ್ತದೆ. ತಂತಿ ಬ್ರಷ್, ಆಸಿಡ್ ಬೇಡವೇ ಬೇಡ. ನೀರು, ನಾರು ಸಾಕು.

ಫೋಟೋ ಬೆಳಿಗ್ಗೆ ಅಥವಾ ಸಂಜೆ ತೆಗೆಯಿರಿ. ಬಿಸಿಲು ಪಕ್ಕದಿಂದ ಬಿದ್ದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ರಾತ್ರಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೂ ಆಗುತ್ತದೆ. ಕಲ್ಲು ಮೊದಲು ಎಲ್ಲಿತ್ತು ಅನ್ನುವುದನ್ನು ಬರೆದಿಡಿ.

ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ತಾಲೂಕುವಾರು ಸೇರಿಸಿ 1904ರಲ್ಲಿ ಅಚ್ಚು ಹಾಕಿಸಿದರು. ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ. ಮೊಬೈಲಿನಲ್ಲೇ ಸಿಗುತ್ತದೆ. ನಿಮ್ಮ ಊರ ಹೆಸರು ಇದೆಯಾ ನೋಡಿ. ನಮ್ಮೂರ ಈ ಕಲ್ಲು ಅದರಲ್ಲಿ ಸಿಗಲಿಲ್ಲ. ರೈಸ್ ಸಾಹೇಬರ ಜನ ಬಂದಾಗಲೂ ಯಾರೂ ತೋರಿಸಿರಲಿಕ್ಕಿಲ್ಲ.

ಮೈಸೂರಿನಲ್ಲಿ ರಾಜ್ಯದ ಪುರಾತತ್ವ ಇಲಾಖೆಯ ಮುಖ್ಯ ಕಚೇರಿ ಇದೆ. ಪಂಚಾಯ್ತಿಗೆ, ತಹಶೀಲ್ದಾರರಿಗೆ ಕೊಡುವ ಅರ್ಜಿಯ ಒಂದು ಪ್ರತಿ ಅಲ್ಲಿಗೂ ಕಳಿಸಿ. ನಾನು ಕಳಿಸಿದ್ದೇನೆ, ಕಾಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರನ್ನು ಕೇಳಿ. ಕಲ್ಲು ಮೋರಿ ಮೇಲೆ ನಾಲ್ಕು ವರ್ಷ ಕಾಯಿತು. ಅಜ್ಜಿಯರು ಕಾಯುವುದಿಲ್ಲ.

ಪುಟ್ಟಿ ಎರಡು ಪುಟ ಬರೆದಳು. ಅರ್ಧ ಪುಟ ದರಿಯಾ ದೌಲತ್, ಅರ್ಧ ಪುಟ ಸರಿಸಿದ ಮದ್ದಿನ ಮನೆ. ಉಳಿದ ಒಂದು ಪುಟ ನಮ್ಮ ಕಲ್ಲು. ಕೊನೆಗೆ ಒಂದು ಚಿತ್ರ ಬರೆದಿದ್ದಳು, ಬಿಲ್ಲು ಹಿಡಿದವನು, ನಾಲ್ಕು ಹಸು. ಕೆಳಗೆ ಹೆಸರು ಬರೆಯಲು ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದಳು. ಯಾಕೆ ಅಂತ ಕೇಳಿದೆ.

"ಯಾರಿಗಾದ್ರೂ ಗೊತ್ತಾದ್ರೆ ಬರೆಯೋಣ ಅಂತ" ಅಂದಳು.